ಕಡಲ ಹವೆಯಲ್ಲಿ ಬೇಸ್ ಗಿಟಾರ್: ಕೆಟ್ಟದ್ದು ಯಾವುದು, ಕೆಟ್ಟಂತೆ ಕಾಣುವುದು ಯಾವುದು

ಮುಂಬೈಯಲ್ಲಿ ಹಳೆಯ ಬೇಸ್ ಗಿಟಾರ್ ಮತ್ತು ಆಂಪ್ಲಿಫೈಯರ್‌ಗಳನ್ನು ಕೊಂಡು, ಸರಿಪಡಿಸಿ, ಕೆಲವು ಕಾಲ ನುಡಿಸಿ, ಮತ್ತೊಬ್ಬರಿಗೆ ಮಾರುವ ಹವ್ಯಾಸವುಳ್ಳವರ ಕೈಗೆ ಬರುವ ವಾದ್ಯಗಳಲ್ಲಿ ಬಹುಪಾಲು ‘ಕೆಟ್ಟಿದೆ’ ಎಂಬ ಹಣೆಪಟ್ಟಿ ಹೊತ್ತೇ ಬರುತ್ತವೆ. ಡೊಂಬಿವಲಿಯ ಫ್ಲ್ಯಾಟಿನ ಅಟ್ಟದಲ್ಲಿ ಹಲವು ಮಳೆಗಾಲ ಕಳೆದದ್ದು, ಕನ್ನಡ ಸಂಘಗಳ ವಾರ್ಷಿಕೋತ್ಸವಗಳಲ್ಲಿ ನುಡಿಸುತ್ತಿದ್ದ ಆರ್ಕೆಸ್ಟ್ರಾ ಚದುರಿದ ಮೇಲೆ ಚೀಲದಲ್ಲೇ ಉಳಿದದ್ದು, ಮಗ ಪರದೇಶಕ್ಕೆ ಹೋದ ಬಳಿಕ ಮಂಚದ ಕೆಳಗೆ ಸೇರಿದ್ದು, ಹೀಗೆ ಒಂದೊಂದಕ್ಕೂ ಒಂದೊಂದು ಹಿನ್ನೆಲೆ. ತಂತಿಗಳು ತುಕ್ಕು ಹಿಡಿದಿರುತ್ತವೆ, ನೆಕ್ (ವಾದ್ಯದ ಉದ್ದನೆಯ ಕುತ್ತಿಗೆ) ಬಾಗಿರುತ್ತದೆ, ಗುಂಡಿ ತಿರುಗಿಸಿದರೆ ಕರಕರ ಸದ್ದು ಬರುತ್ತದೆ, ಕೆಲವೊಮ್ಮೆ ಸದ್ದೇ ಹೊರಡುವುದಿಲ್ಲ. ಆದರೆ ಇವುಗಳಲ್ಲಿ ನಿಜವಾಗಿ ಮುರಿದುಹೋದದ್ದು ಕಡಿಮೆ, ಕಡಲ ತೇವ ಮಾಡಿದ ಕೆಲಸವೇ ಹೆಚ್ಚು. ಹವೆಯಿಂದಾದ ಬದಲಾವಣೆ, ಬಳಕೆಯಿಂದಾದ ಸವೆತ ಮತ್ತು ನಿಜವಾದ ಹಾನಿ, ಈ ಮೂರನ್ನೂ ಬೇರೆಬೇರೆಯಾಗಿ ಗುರುತಿಸಬಲ್ಲವರು ಸೋಲ್ಡರಿಂಗ್ ಐರನ್ ಬಿಸಿ ಮಾಡುವ ಮೊದಲೇ ಅರ್ಧ ರಿಪೇರಿ ಮುಗಿಸಿರುತ್ತಾರೆ. ಕೊಳ್ಳುವಾಗಲಾಗಲಿ ಮಾರುವಾಗಲಾಗಲಿ ಅವರಿಂದ ಯಾರಿಗೂ ಅನ್ಯಾಯವಾಗುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ಗುರುತಿಸುವಿಕೆ ಹೇಗೆ ಎಂಬುದನ್ನು, ಸದ್ದು ಸಾಗುವ ದಾರಿಯಲ್ಲೇ ತಂತಿಯಿಂದ ಹೊರಟು ಸ್ಪೀಕರ್‌ವರೆಗೆ ನೋಡುತ್ತ ಹೋಗೋಣ.

ಇಂದು ನಾವು ಬೇಸ್ ಗಿಟಾರ್ ಎನ್ನುವ ವಾದ್ಯದ ರೂಪ ನೆಲೆಗೊಂಡದ್ದು 1951ರಲ್ಲಿ, ಅಮೆರಿಕದ ಲಿಯೊ ಫೆಂಡರ್ ತಮ್ಮ ಪ್ರಿಸಿಷನ್ ಬೇಸ್ ಅನ್ನು ಮಾರುಕಟ್ಟೆಗೆ ತಂದಾಗ. ತಲೆಯ ಬಳಿ ತಂತಿಗಳು ಹಾಯುವ ನಟ್ ಎಂಬ ಪಟ್ಟಿಯಿಂದ ದೇಹದ ಮೇಲೆ ಅವು ಕೂರುವ ಬ್ರಿಡ್ಜ್‌ವರೆಗೆ ಅವರು ಇಟ್ಟ 34 ಇಂಚಿನ ತಂತಿಯ ಉದ್ದವೇ ಇಂದಿಗೂ ಹೆಚ್ಚಿನ ಬೇಸ್‌ಗಳ ಅಳತೆ. ನಾಲ್ಕು ತಂತಿಗಳಲ್ಲಿ ಅತಿ ದಪ್ಪನೆಯ ಇ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸಿದರೆ, ಅತಿ ತೆಳುವಾದ ಜಿ ತಂತಿ 98 ಬಾರಿ ಕಂಪಿಸುತ್ತದೆ. ಇಷ್ಟು ತಗ್ಗಿನ ಸ್ವರಕ್ಕೆ ದಪ್ಪ ತಂತಿ ಬೇಕು, ದಪ್ಪ ತಂತಿಗೆ ಹೆಚ್ಚಿನ ಬಿಗಿ ಬೇಕು. ಸಾಮಾನ್ಯ ದಪ್ಪದ ನಾಲ್ಕು ತಂತಿಗಳು ಶ್ರುತಿಯಲ್ಲಿರುವಾಗ ಅವುಗಳ ಒಟ್ಟು ಎಳೆತ ಸುಮಾರು 70ರಿಂದ 80 ಕಿಲೊಗ್ರಾಂ ಭಾರಕ್ಕೆ ಸಮ. ಆ ಎಳೆತವನ್ನು ಹಗಲೂ ರಾತ್ರಿ ತಾಳಿಕೊಳ್ಳುವುದು ಮರದ ಒಂದು ತೆಳ್ಳನೆಯ ಪಟ್ಟಿ. ಹೀಗಾಗಿ ಬೇಸ್‌ನ ಪರೀಕ್ಷೆ ಶುರುವಾಗಬೇಕಾದದ್ದು ನೆಕ್‌ನಿಂದ.

ನೆಕ್‌ನೊಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳಿರುತ್ತದೆ. ತಂತಿಗಳು ನೆಕ್ಕನ್ನು ಮುಂದಕ್ಕೆ ಎಳೆದರೆ ಈ ಸರಳು ಅದನ್ನು ಹಿಂದಕ್ಕೆ ಎಳೆದು ಸಮತೋಲ ಕಾಯುತ್ತದೆ. ಸರಳಿನ ತುದಿಯ ತಿರುಪು ನಟ್ಟನ್ನು ಬಲಕ್ಕೆ ತಿರುಗಿಸಿದರೆ ಸರಳು ಬಿಗಿಯಾಗಿ ನೆಕ್ ನೇರವಾಗುತ್ತದೆ. ಎಡಕ್ಕೆ ತಿರುಗಿಸಿದರೆ ಸಡಿಲವಾಗಿ, ತಂತಿಗಳ ಎಳೆತಕ್ಕೆ ನೆಕ್ ಮುಂದಕ್ಕೆ ಬಾಗುತ್ತದೆ. ಈ ಲೆಕ್ಕಾಚಾರವನ್ನು ಕಲಕುವುದು ತೇವ. ಮರವು ತೇವ ಹೀರಿದಾಗ ಉದ್ದಕ್ಕೆ ಹಿಗ್ಗುವುದು ಅತ್ಯಲ್ಪ, ಅಡ್ಡಕ್ಕೆ ಹಿಗ್ಗುವುದು ಹೆಚ್ಚು. ನೆಕ್‌ನ ಬೆನ್ನು ಮೇಪಲ್ ಮರದ್ದಾಗಿದ್ದು, ಅದರ ಮೇಲೆ ಅಂಟಿಸಿದ ಫ್ರೆಟ್‌ಬೋರ್ಡ್ (ಫ್ರೆಟ್ ಎಂಬ ಲೋಹದ ಅಡ್ಡಪಟ್ಟಿಗಳನ್ನು ಕೂರಿಸಿದ ಹಲಗೆ) ನಮ್ಮ ಮಲೆನಾಡಿನವರು ಬೀಟೆ ಎನ್ನುವ ರೋಸ್‌ವುಡ್‌ನದ್ದಾಗಿದ್ದರೆ, ಎರಡೂ ಮರಗಳು ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ. ಜುಲೈ ತಿಂಗಳ ಮುಂಬೈಯಲ್ಲಿ ಗಾಳಿಯ ತೇವಾಂಶ ದಿನಗಟ್ಟಲೆ ಶೇ. 80ಕ್ಕಿಂತ ಮೇಲಿರುವಾಗ ನೆಕ್‌ನ ಬಾಗು ಬದಲಾಗದಿದ್ದರೆ ಅದೇ ಆಶ್ಚರ್ಯ. ಯಾವ ಕಡೆಗೆ ಬದಲಾಗುತ್ತದೆ ಎಂಬುದು ಆಯಾ ಮರದ ತುಂಡು, ಅದರ ಎಳೆಗಳ ದಿಕ್ಕು, ಬಣ್ಣ ಎಷ್ಟು ದಪ್ಪನೆ ಬಳಿದಿದೆ ಎಂಬುದನ್ನೆಲ್ಲ ಅವಲಂಬಿಸಿರುತ್ತದೆ. ಆದ್ದರಿಂದ ಮಳೆಗಾಲದಲ್ಲಿ ‘ನೆಕ್ ಬಾಗಿಹೋಗಿದೆ’ ಎಂದು ಮಾರಾಟಕ್ಕೆ ಬಂದ ವಾದ್ಯವನ್ನು ಅಷ್ಟಕ್ಕೇ ತಿರಸ್ಕರಿಸಬಾರದು.

ಬಾಗನ್ನು ಅಳೆಯುವ ವಿಧಾನ ಸರಳ. ವಾದ್ಯವನ್ನು ಶ್ರುತಿ ಮಾಡಿ, ನುಡಿಸುವ ಭಂಗಿಯಲ್ಲೇ ಹಿಡಿದು, ಇ ತಂತಿಯನ್ನು ಒಂದು ಕೈಯಿಂದ ಮೊದಲ ಫ್ರೆಟ್‌ನಲ್ಲೂ ಇನ್ನೊಂದು ಕೈಯಿಂದ ನೆಕ್ ದೇಹವನ್ನು ಸೇರುವ ಜಾಗದ ಫ್ರೆಟ್‌ನಲ್ಲೂ ಒತ್ತಬೇಕು. ಆಗ ತಂತಿಯೇ ಒಂದು ನೇರ ಪಟ್ಟಿಯಾಗುತ್ತದೆ. ಏಳನೆಯ ಅಥವಾ ಎಂಟನೆಯ ಫ್ರೆಟ್‌ನ ತಲೆಗೂ ತಂತಿಯ ತಳಕ್ಕೂ ನಡುವೆ ಸುಮಾರು 0.3 ಮಿಲಿಮೀಟರ್ ಅಂತರವಿದ್ದರೆ ಸಾಕು. ಇದನ್ನು ಅಳೆಯಲು ಗಿಟಾರ್ ಅಂಗಡಿಯ ದುಬಾರಿ ಸಾಧನ ಬೇಡ. ಬೈಕಿನ ಟ್ಯಾಪೆಟ್ ಹೊಂದಿಸಲು ಮೆಕ್ಯಾನಿಕ್‌ಗಳು ಬಳಸುವ ಫೀಲರ್ ಗೇಜ್ ಬಿಡಿಭಾಗಗಳ ಅಂಗಡಿಯಲ್ಲಿ ಸಿಗುತ್ತದೆ, ಅದೇ ಇಲ್ಲಿಗೂ ಸರಿಹೋಗುತ್ತದೆ. ಅಂತರ ಹೆಚ್ಚಿದ್ದರೆ ಟ್ರಸ್ ರಾಡ್ ಅನ್ನು ಒಂದು ಬಾರಿಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದೆ, ತಂತಿಗಳನ್ನು ಮತ್ತೆ ಶ್ರುತಿ ಮಾಡಿ, ಕೆಲವು ಗಂಟೆ ಬಿಟ್ಟು ಪುನಃ ಅಳೆಯಬೇಕು. ಅಮೆರಿಕದ ಮಾದರಿಗಳಿಗೆ ಸಾಮಾನ್ಯವಾಗಿ ಇಂಚಿನ ಅಳತೆಯ ಅಲೆನ್ ಕೀಲಿಯೂ ಜಪಾನಿನ ಕಂಪನಿಗಳ ಮಾದರಿಗಳಿಗೆ ಸಾಮಾನ್ಯವಾಗಿ ಮಿಲಿಮೀಟರ್ ಅಳತೆಯದೂ ಬೇಕಾಗುತ್ತವೆ. ‘ಹತ್ತಿರ ಹತ್ತಿರ ಕೂರುತ್ತದೆ’ ಎಂದು ತಪ್ಪು ಕೀಲಿ ಹಾಕಿ ತಿರುವಿದರೆ ನಟ್ಟಿನ ಮೂಲೆಗಳು ಸವೆದುಹೋಗುತ್ತವೆ, ಅಲ್ಲಿಗೆ ಕೆಲವು ನಿಮಿಷಗಳ ಕೆಲಸ ನೆಕ್ ಬದಲಿಸುವ ಕೆಲಸವಾಗಿ ಬೆಳೆಯುತ್ತದೆ. ಕೊಳ್ಳುವಾಗ ನಾನು ಮೊದಲು ನೋಡುವುದು ಈ ನಟ್ಟನ್ನೇ: ಮೂಲೆಗಳು ಚೂಪಾಗಿವೆಯೇ, ಇನ್ನೂ ತಿರುಗಿಸಲು ಅವಕಾಶ ಉಳಿದಿದೆಯೇ? ನೆಕ್ ಬಾಗಿದ್ದೂ ಟ್ರಸ್ ರಾಡ್ ಆಗಲೇ ಪೂರ್ತಿ ಬಿಗಿಯಾಗಿದ್ದರೆ ಮಾತ್ರ ಅದು ನಿಜವಾದ ದೋಷ. ತಲೆಯ ಕಡೆಯಿಂದ ನೋಡಿದಾಗ ನೆಕ್ ಬಾಗಿದಂತಲ್ಲದೆ ತಿರುಚಿದಂತೆ ಕಂಡರೆ ಅದಕ್ಕೆ ಟ್ರಸ್ ರಾಡ್‌ನಲ್ಲಿ ಪರಿಹಾರವಿಲ್ಲ.

ಪುಣೆಗೆ ಬಂದರೆ ತೊಂದರೆ ತಿರುಗುಮುರುಗಾಗುತ್ತದೆ. ಗೋವಾದಲ್ಲಿ ಅಥವಾ ಮುಂಬೈಯಲ್ಲಿ ವರ್ಷಗಟ್ಟಲೆ ಇದ್ದ ಬೇಸ್ ಅನ್ನು ಘಟ್ಟ ಹತ್ತಿಸಿ ಪುಣೆಯ ಮಾರ್ಚ್, ಏಪ್ರಿಲ್ ತಿಂಗಳ ಒಣ ಹವೆಗೆ ತಂದಾಗ ಫ್ರೆಟ್‌ಬೋರ್ಡ್ ಅಡ್ಡಕ್ಕೆ ಕುಗ್ಗುತ್ತದೆ. ಲೋಹದ ಫ್ರೆಟ್‌ಗಳು ಕುಗ್ಗುವುದಿಲ್ಲ, ಹಾಗಾಗಿ ಅವುಗಳ ತುದಿಗಳು ನೆಕ್‌ನ ಅಂಚಿನಿಂದ ಹೊರಚಾಚಿ ಅಂಗೈಯನ್ನು ಗೀರುತ್ತವೆ. ಕೊಂಡ ವಾರದಲ್ಲೇ ಅರ ಹಿಡಿದು ಉಜ್ಜಲು ಕೂರಬಾರದು. ಒಂದೆರಡು ತಿಂಗಳು ಹೊಸ ಹವೆಗೆ ಒಗ್ಗಲು ಬಿಟ್ಟು, ಆಮೇಲೂ ತುದಿಗಳು ಚುಚ್ಚಿದರೆ, ನೆಕ್‌ನ ಅಂಚಿಗೆ ಟೇಪ್ ಅಂಟಿಸಿ ನಯವಾದ ಅರದಿಂದ ಓರೆಯಾಗಿ ಉಜ್ಜಿದರೆ ಸಾಕು.

ನೆಕ್ ಸರಿಯಾದ ಮೇಲೆ ಬ್ರಿಡ್ಜ್‌ನಲ್ಲಿ ತಂತಿಗಳ ಎತ್ತರ ಹೊಂದಿಸಬೇಕು. ಹದಿನೇಳನೆಯ ಫ್ರೆಟ್‌ನಲ್ಲಿ 2ರಿಂದ 2.5 ಮಿಲಿಮೀಟರ್ ಎಂಬುದು ಒಳ್ಳೆಯ ಆರಂಭ. ತಂಬೂರಿಯ ಜೀವಾಳದ ದಾರವನ್ನು ಕೂದಲೆಳೆಯಷ್ಟು ಸರಿಸಿದರೆ ನಾದ ಹೇಗೆ ಬದಲಾಗುವುದೋ ಹಾಗೆಯೇ ಇಲ್ಲಿಯೂ ಸ್ಕ್ರೂವಿನ ಅರ್ಧ ಸುತ್ತು ತಂತಿಯ ಝರಝರ ಸದ್ದನ್ನು ತರಲೂಬಹುದು, ತೆಗೆಯಲೂಬಹುದು. ಕೊನೆಗೆ ಸ್ವರಸ್ಥಾನ: ಹನ್ನೆರಡನೆಯ ಫ್ರೆಟ್‌ನ ಮೇಲೆ ತಂತಿಯನ್ನು ಬರಿದೇ ಮುಟ್ಟಿ ಮೀಟಿದಾಗ ಬರುವ ಹಾರ್ಮೋನಿಕ್ ಸ್ವರವೂ, ಅಲ್ಲೇ ಒತ್ತಿ ಮೀಟಿದಾಗ ಬರುವ ಸ್ವರವೂ ಟ್ಯೂನರ್‌ನಲ್ಲಿ ಒಂದೇ ಆಗಿರಬೇಕು. ಒತ್ತಿದ ಸ್ವರ ಏರಿದ್ದರೆ ಬ್ರಿಡ್ಜ್‌ನಲ್ಲಿ ತಂತಿ ಕೂರುವ ಸ್ಯಾಡಲ್ ಅನ್ನು ಹಿಂದಕ್ಕೂ ಇಳಿದಿದ್ದರೆ ಮುಂದಕ್ಕೂ ಸರಿಸಬೇಕು. ಈ ಕೆಲಸವನ್ನು ಹಳೆಯ ತಂತಿಗಳ ಮೇಲೆ ಮಾಡುವುದು ವ್ಯರ್ಥ, ಏಕೆಂದರೆ ತುಕ್ಕು ಹಿಡಿದ ತಂತಿ ಉದ್ದಕ್ಕೂ ಒಂದೇ ತೂಕದ್ದಾಗಿ ಉಳಿದಿರುವುದಿಲ್ಲ.

ಇನ್ನು ಪಿಕಪ್. ಆಯಸ್ಕಾಂತದ ಸುತ್ತ ಸಾವಿರಾರು ಸುತ್ತು ಸುತ್ತಿದ ತಾಮ್ರದ ತಂತಿಯೇ ಪಿಕಪ್. ಉಕ್ಕಿನ ಅಥವಾ ನಿಕ್ಕಲ್‌ನ ತಂತಿ ಅದರ ಮೇಲೆ ಕಂಪಿಸಿದಾಗ ಕಾಂತಕ್ಷೇತ್ರ ಅಲುಗಿ, ಸುರುಳಿಯಲ್ಲಿ ಅತಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಸಾಮಾನ್ಯವಾಗಿ ಬಳಸುವ ತಾಮ್ರದ ಎಳೆಯ ದಪ್ಪ 0.06 ಮಿಲಿಮೀಟರ್‌ನಷ್ಟೇ. ಬೆವರು ಮತ್ತು ಉಪ್ಪಿನ ತೇವ ಒಳಗೆ ಇಳಿದರೆ ಈ ಎಳೆ ಎಲ್ಲಾದರೂ ಒಂದು ಕಡೆ ಕಿಲುಬು ಹಿಡಿದು ತುಂಡಾಗಬಹುದು, ಆಗ ಪಿಕಪ್ ನಿಜವಾಗಿಯೇ ಸತ್ತಂತೆ. ಆದರೆ ಅದು ಸತ್ತಿದೆಯೇ ಎಂದು ತಿಳಿಯಲು ವಾದ್ಯವನ್ನು ಬಿಚ್ಚಬೇಕಿಲ್ಲ. ಮಾರುವವರ ಮನೆಯ ಸೋಫಾದ ಮೇಲೆ ಕುಳಿತೇ ಮಾಡಬಹುದಾದ ಈ ಪರೀಕ್ಷೆಯನ್ನು ಪ್ರತಿಯೊಬ್ಬ ಹವ್ಯಾಸಿಯೂ ಕಲಿಯಬೇಕೆಂದು ನನ್ನ ಆಸೆ. ಬೇಸ್‌ಗೆ ಒಂದು ಕೇಬಲ್ ಸಿಕ್ಕಿಸಿ, ಎಲ್ಲ ಗುಂಡಿಗಳನ್ನೂ ಪೂರ್ತಿ ತೆರೆದು, ಮಲ್ಟಿಮೀಟರ್ ಅನ್ನು 20 ಕಿಲೊ ಓಮ್‌ಗೆ ಇಟ್ಟು, ಅದರ ಒಂದು ಮುಳ್ಳನ್ನು ಕೇಬಲ್ಲಿನ ಇನ್ನೊಂದು ತುದಿಯ ಪ್ಲಗ್ಗಿನ ಮೊನೆಗೂ ಮತ್ತೊಂದನ್ನು ಪ್ಲಗ್ಗಿನ ಕೊಳವೆಗೂ ತಾಗಿಸಬೇಕು. ಪ್ರಿಸಿಷನ್ ಮಾದರಿಯಲ್ಲಿ ಸುಮಾರು 10 ಕಿಲೊ ಓಮ್ ಕಂಡರೆ ಪಿಕಪ್, ವಾಲ್ಯೂಮ್ ಗುಂಡಿ, ಕೇಬಲ್ ಸಿಕ್ಕಿಸುವ ಜಾಕ್, ಕೇಬಲ್ ನಾಲ್ಕೂ ಕ್ಷೇಮ. ಫೆಂಡರ್ ಕಂಪನಿಯ ಇನ್ನೊಂದು ಬೇಸ್ ಆದ, ಎರಡು ಪಿಕಪ್‌ಗಳ ಜಾಝ್ ಮಾದರಿಯಲ್ಲಿ, ಎರಡೂ ಸಮಾನಾಂತರವಾಗಿ ಸೇರುವುದರಿಂದ, 3.5ರಿಂದ 4 ಕಿಲೊ ಓಮ್ ಬರುತ್ತದೆ. ಒಂದು ವಾಲ್ಯೂಮ್ ಅನ್ನು ಮುಚ್ಚಿದರೆ ಉಳಿದ ಪಿಕಪ್ಪಿನ ಸುಮಾರು 7 ಕಿಲೊ ಓಮ್ ಕಾಣುತ್ತದೆ. ಎರಡೂ ತೆರೆದಿರುವಾಗಲೇ 7 ತೋರಿದರೆ ಒಂದು ಪಿಕಪ್ ಲೆಕ್ಕಕ್ಕೆ ಸೇರುತ್ತಿಲ್ಲ. ಅಳತೆ 20 ಕಿಲೊ ಓಮ್ ಮೀರಿ, ಮೀಟರನ್ನು ಮೇಲಿನ ವ್ಯಾಪ್ತಿಗೆ ಏರಿಸಿದಾಗ 120 ಕಿಲೊ ಓಮ್ ಅಥವಾ ಅದಕ್ಕೂ ಹೆಚ್ಚು ತೋರಿದರೆ ಪಿಕಪ್ಪಿನ ಸುರುಳಿಯೋ ಅದರ ತಂತಿಯೋ ಕಡಿದಿದೆ, ನಾವು ನೋಡುತ್ತಿರುವುದು ಬರೀ ವಾಲ್ಯೂಮ್ ಗುಂಡಿಗಳ ಅಳತೆ. ಆ ವ್ಯಾಪ್ತಿಯಲ್ಲೂ ಏನನ್ನೂ ತೋರದಿದ್ದರೆ ಜಾಕ್ ಅಥವಾ ಕೇಬಲ್ ಕಡೆಗೆ ನೋಡಬೇಕು. ಬ್ಯಾಟರಿ ಬೇಕಾಗುವ ಆಕ್ಟಿವ್ ಬೇಸ್‌ಗಳಿಗೆ ಮಾತ್ರ ಈ ಪರೀಕ್ಷೆ ಹೊಂದುವುದಿಲ್ಲ, ಅಲ್ಲಿ ಮೀಟರಿಗೂ ಪಿಕಪ್ಪಿಗೂ ನಡುವೆ, ಪಿಕಪ್ಪಿನ ಸಣ್ಣ ವಿದ್ಯುತ್ತನ್ನು ಬಲಪಡಿಸುವ ಪ್ರೀಆಂಪ್ ಇರುತ್ತದೆ.

‘ಪಿಕಪ್ ಹೋಗಿದೆ’ ಎಂದು ಬಂದ ವಾದ್ಯಗಳಲ್ಲಿ ಹೆಚ್ಚಾಗಿ ಹೋಗಿರುವುದು ಜಾಕ್. ಅದು ಹೇಗೆ ಕೆಡುತ್ತದೆಂಬುದನ್ನು ಹತ್ತಿರದಿಂದ ನೋಡಬೇಕು. ಪ್ಲಗ್ ಹಾಕಿ ತೆಗೆದು ಮಾಡುವಾಗ ಜಾಕ್‌ನ ಹೊರಗಿನ ನಟ್ ನಿಧಾನವಾಗಿ ಸಡಿಲವಾಗುತ್ತದೆ. ಆಮೇಲೆ ಪ್ಲಗ್ ಜೊತೆಗೆ ಇಡೀ ಜಾಕ್ ಒಳಗೆ ತಿರುಗತೊಡಗುತ್ತದೆ. ಅದಕ್ಕೆ ಬೆಸೆದ ಎರಡು ತಂತಿಗಳು ಒಂದಕ್ಕೊಂದು ಸುತ್ತಿಕೊಂಡು, ಬೆಸುಗೆಯ ಬುಡದಲ್ಲೇ ಒಂದೊಂದು ಎಳೆ ಕಡಿಯುತ್ತ ಹೋಗಿ, ಕೊನೆಯ ಎಳೆ ಕಡಿದ ದಿನ ವಾದ್ಯ ಮೌನವಾಗುತ್ತದೆ. ತಂತಿಯ ತುದಿಯನ್ನು ಹೊಸದಾಗಿ ಸುಲಿದು, ಜಾಕ್‌ನ ಕಿವಿಯನ್ನು (ತಂತಿ ಬೆಸೆಯುವ ಲೋಹದ ತುದಿಯನ್ನು) ಮರಳುಕಾಗದದಿಂದ ಉಜ್ಜಿ ಹೊಳಪು ಬರಿಸಿ, ಎರಡನ್ನೂ ಒಟ್ಟಿಗೆ ಬಿಸಿ ಮಾಡಿ ಬೆಸುಗೆಯನ್ನು ಹರಿಯಬಿಡಬೇಕು. ಐರನ್‌ನ ಮೊನೆಯಲ್ಲಿ ಸೀಸವನ್ನು ಕರಗಿಸಿ ತಂದು ತಣ್ಣನೆಯ ಕಿವಿಗೆ ಮೆತ್ತಿದರೆ ಅದು ಅಂಟಿದಂತೆ ಕಂಡರೂ ಬೆಸೆದುಕೊಂಡಿರುವುದಿಲ್ಲ. ಒಳ್ಳೆಯ ಬೆಸುಗೆ ಕಿವಿಯ ಮೇಲೆ ತೆಳ್ಳಗೆ ಹರಡಿ ಹೊಳೆಯುತ್ತದೆ, ಕೆಟ್ಟ ಬೆಸುಗೆ ಮಂಕಾದ ಉಂಡೆಯಾಗಿ ನಿಲ್ಲುತ್ತದೆ. ಗುಂಡಿಗಳ ಕರಕರ ಸದ್ದಿಗೆ ಕಾರಣ ಒಳಗಿನ ಇಂಗಾಲದ ಪಟ್ಟಿಯ ಮೇಲೆ ಕೂತ ಧೂಳು ಮತ್ತು ಸಂಪರ್ಕದ ಲೋಹಕ್ಕೆ ಹಿಡಿದ ಕಿಲುಬು. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಹತ್ತಾರು ಬಾರಿ ತಿರುಗಿಸಿದರೆ ಹೆಚ್ಚಿನವು ಸರಿಯಾಗುತ್ತವೆ. ಸರಿಯಾಗದಿದ್ದರೆ 250 ಕಿಲೊ ಓಮ್‌ನ ಹೊಸ ಪೊಟೆನ್ಷಿಯೊಮೀಟರ್ ಹಾಕಬೇಕು. ಇದು ಗ್ರಾಂಟ್ ರೋಡ್ ಬಳಿಯ ಲ್ಯಾಮಿಂಗ್ಟನ್ ರಸ್ತೆಯಲ್ಲೋ ಪುಣೆಯ ಬುಧವಾರ ಪೇಟೆಯ ತಾಪ್ಕೀರ್ ಗಲ್ಲಿಯಲ್ಲೋ ಸಿಗದ ವಸ್ತುವೇನಲ್ಲ, ಆದರೆ ಅದರ ದಂಡದ ದಪ್ಪವೂ ಉದ್ದವೂ ಹಳೆಯದಕ್ಕೆ ಹೊಂದುವಂತೆ ನೋಡಿ ತರಬೇಕು.

ಆಕ್ಟಿವ್ ಬೇಸ್‌ಗಳದ್ದು ಬೇರೆ ವಿಷಯ. ಅವುಗಳೊಳಗಿನ ಪ್ರೀಆಂಪ್‌ಗೆ 9 ವೋಲ್ಟ್ ಬ್ಯಾಟರಿ ಬೇಕು, ಮತ್ತು ಆ ಬ್ಯಾಟರಿಯ ಸ್ವಿಚ್ಚೇ ಜಾಕ್: ಪ್ಲಗ್ ಒಳಗೆ ಹೋದೊಡನೆ ಬ್ಯಾಟರಿಯ ಋಣ ತುದಿ ವಾದ್ಯದ ವೈರಿಂಗ್‌ನ ನೆಲದ (ಗ್ರೌಂಡ್) ಸಂಪರ್ಕಕ್ಕೆ ಸೇರಿ ಪ್ರೀಆಂಪ್ ಚಾಲೂ ಆಗುತ್ತದೆ. ನುಡಿಸುವುದನ್ನು ನಿಲ್ಲಿಸಿದ ಮೇಲೂ ಕೇಬಲ್ ಸಿಕ್ಕಿಸಿಯೇ ಬಿಟ್ಟರೆ ಬ್ಯಾಟರಿ ಇಳಿಯುತ್ತಲೇ ಇರುತ್ತದೆ. ಬ್ಯಾಟರಿ ಇಳಿದಾಗ ಸದ್ದು ಒಮ್ಮೆಗೇ ನಿಲ್ಲುವುದಿಲ್ಲ. ಮೊದಲು ಜೋರಾಗಿ ಮೀಟಿದ ಸ್ವರಗಳು ಒಡೆದು ಕೇಳುತ್ತವೆ, ಜನ ಅದನ್ನು ಆಂಪ್‌ನ ದೋಷವೆಂದು ಭಾವಿಸುತ್ತಾರೆ. ವರ್ಷಗಟ್ಟಲೆ ಮರೆತ ಬ್ಯಾಟರಿ ಸೋರಿ ಗೂಡಿನ ಸ್ಪ್ರಿಂಗ್‌ಗಳನ್ನು ತಿಂದಿರುವುದನ್ನು ಕರಾವಳಿಯ ವಾದ್ಯಗಳಲ್ಲಿ ಆಗಾಗ ಕಾಣುತ್ತೇವೆ. ಕೊಳ್ಳುವ ಮುನ್ನ ಆ ಗೂಡಿನ ಮುಚ್ಚಳ ತೆಗೆದು ನೋಡುವುದು ಕ್ಷಣದ ಕೆಲಸ.

ಗುಂಯ್ ಎನ್ನುವ ಸದ್ದಿನ ಬಗ್ಗೆ ಹೆಚ್ಚು ಹೇಳಬೇಕಾಗಿದೆ, ಏಕೆಂದರೆ ಅತಿ ಹೆಚ್ಚು ತಪ್ಪು ರಿಪೇರಿಗಳು ನಡೆಯುವುದು ಇದರ ಹೆಸರಿನಲ್ಲೇ. ನಮ್ಮ ಮನೆಯ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳನ್ನು ಪೂರೈಸುತ್ತದೆ, ಅಂದರೆ 50 ಹರ್ಟ್ಸ್‌ನದು. ಬೇಸ್‌ನ ಇ ತಂತಿಯ ಮೂರನೆಯ ಫ್ರೆಟ್‌ನಲ್ಲಿ ಸಿಗುವ ಜಿ ಸ್ವರ 49 ಹರ್ಟ್ಸ್‌ನದು. ಅಂದರೆ ಮನೆಯ ವಿದ್ಯುತ್ತಿನ ಗುಂಯ್ ಸದ್ದು ಈ ವಾದ್ಯದ ಸ್ವರಗಳ ನಡುವೆಯೇ ಬಂದು ಕೂರುತ್ತದೆ, ಅದನ್ನು ಟೋನ್ ಗುಂಡಿಯಿಂದ ಕತ್ತರಿಸಿ ತೆಗೆಯಲಾಗದು. ಒಂದೇ ಸುರುಳಿಯ ಪಿಕಪ್ ಈ ಸದ್ದನ್ನು ಗಾಳಿಯಿಂದಲೇ ಹಿಡಿಯುತ್ತದೆ. ಎರಡು ಸುರುಳಿಗಳನ್ನು ಒಂದಕ್ಕೊಂದು ವಿರುದ್ಧವಾಗಿ ಸುತ್ತಿ, ಆಯಸ್ಕಾಂತಗಳನ್ನೂ ತಿರುಗುಮುರುಗಾಗಿ ಇಟ್ಟರೆ ತಂತಿಯ ನಾದ ಕೂಡಿಕೊಳ್ಳುತ್ತದೆ, ಹೊರಗಿನ ಸದ್ದು ಪರಸ್ಪರ ಕಳೆದುಹೋಗುತ್ತದೆ. 1957ರಿಂದ ಪ್ರಿಸಿಷನ್ ಬೇಸ್‌ಗೆ ಬಂದ ಎರಡು ತುಂಡಿನ ಪಿಕಪ್ ಕೆಲಸ ಮಾಡುವುದು ಹೀಗೆಯೇ. ಈಗಿನ ಜಾಝ್ ಮಾದರಿಗಳಲ್ಲಿ ಎರಡೂ ವಾಲ್ಯೂಮ್ ಸಮನಾಗಿ ತೆರೆದಾಗ ಗುಂಯ್ ಅಡಗಿ, ಒಂದನ್ನು ತಗ್ಗಿಸಿದೊಡನೆ ಮೇಲೆದ್ದರೆ, ಅದು ಆ ವಾದ್ಯದ ಸ್ವಭಾವವೇ ಹೊರತು ದೋಷವಲ್ಲ.

ತಂತಿಗಳನ್ನು ಕೈಯಿಂದ ಮುಟ್ಟಿದಾಗ ಸದ್ದು ಕಡಿಮೆಯಾದರೆ ಬ್ರಿಡ್ಜ್‌ನಿಂದ ನೆಲಕ್ಕೆ ಹೋಗುವ ತಂತಿ ಸರಿಯಾಗಿದೆ, ಒಳಗಿನ ಗೂಡುಗಳಿಗೆ ತಾಮ್ರದ ಹಾಳೆ ಅಂಟಿಸಿ ಅದನ್ನು ನೆಲಕ್ಕೆ ಸೇರಿಸಿದರೆ ಇನ್ನಷ್ಟು ಶಾಂತವಾಗುತ್ತದೆ. ಸದ್ದಿದ್ದು, ಮುಟ್ಟಿದರೂ ಬಿಟ್ಟರೂ ವ್ಯತ್ಯಾಸವೇ ಇಲ್ಲದಿದ್ದರೆ ಬ್ರಿಡ್ಜ್‌ನ ಕೆಳಗಿನ ತಂತಿ ತುಂಡಾಗಿದೆಯೇ ಎಂದು ನೋಡಬೇಕು. ಮುಟ್ಟಿದಾಗ ಬೆರಳಿಗೆ ಜುಮ್ಮೆಂದರೆ ಅಲ್ಲಿಗೆ ವಾದ್ಯವನ್ನು ಕೆಳಗಿಡಬೇಕು, ಏಕೆಂದರೆ ತೊಂದರೆ ಈಗ ಕಟ್ಟಡದ ಅಥವಾ ಆಂಪ್‌ನ ಅರ್ತಿಂಗ್‌ನದು. ಹಳೆಯ ಚಾಳುಗಳ ಎರಡು ಪಿನ್ನಿನ ಸಾಕೆಟ್‌ಗಳಲ್ಲಿ, ಗಣೇಶೋತ್ಸವದ ಪೆಂಡಾಲಿನಲ್ಲಿ ಜನರೇಟರ್‌ನಿಂದ ಎಳೆದ ತಾತ್ಕಾಲಿಕ ವೈರಿಂಗ್‌ನಲ್ಲಿ ಅರ್ತ್ ಇಲ್ಲದಿರುವುದು ಅಪರೂಪವಲ್ಲ. ಬೇಸ್‌ನ ತಂತಿಗಳು ಆಂಪ್‌ನ ಲೋಹದ ಪೆಟ್ಟಿಗೆಗೆ ಸೇರಿರುತ್ತವೆ. ಒಂದು ಕೈ ತಂತಿಯ ಮೇಲಿದ್ದು ತುಟಿ ಬೇರೊಂದು ಲೈನಿನ ಮೈಕ್‌ಗೆ ತಾಗಿದರೆ ಎರಡರ ನಡುವಿನ ವಿದ್ಯುತ್ತು ನುಡಿಸುವವರ ಎದೆಯ ಮೂಲಕವೇ ಹಾಯುತ್ತದೆ. ಗುಂಯ್ ಸದ್ದು ಹೋಗಲೆಂದು ಆಂಪ್‌ನ ಅರ್ತ್ ಪಿನ್ನನ್ನು ಕತ್ತರಿಸುವ ‘ಉಪಾಯ’ವನ್ನು ಯಾರೇ ಹೇಳಿಕೊಟ್ಟರೂ ಮಾಡಬಾರದು. ಪಿನ್ ಕತ್ತರಿಸಿದ ಆಂಪ್ ಕೊಂಡರೆ ಮೊದಲ ರಿಪೇರಿ ಅದೇ ಆಗಬೇಕು.

ಮಾರ್ಪಾಡಿನ ವಿಷಯದಲ್ಲಿ ನನ್ನದು ಸಂಯಮದ ಪಕ್ಷ. ನಾದವನ್ನು ಎಲ್ಲಕ್ಕಿಂತ ಹೆಚ್ಚು ಬದಲಿಸುವುದು ತಂತಿಗಳೇ: ಚಪ್ಪಟೆ ಸುತ್ತಿನ (ಹೊರಗೆ ಚಪ್ಪಟೆ ಲೋಹದ ಎಳೆ ಸುತ್ತಿದ) ತಂತಿಗಳು ದುಂಡಗಿನ, ಮೊಳಗು ಕಡಿಮೆಯ ನಾದವನ್ನೂ, ದುಂಡು ಸುತ್ತಿನವು ಚುರುಕಾದ ಲೋಹದ ನಾದವನ್ನೂ ಕೊಡುತ್ತವೆ. ಚಪ್ಪಟೆ ತಂತಿಗಳು ಬೆವರಿನ ಊರಿನಲ್ಲಿ ಹೆಚ್ಚು ಕಾಲ ಬಾಳುವುದೂ ಒಂದು ಅನುಕೂಲ. ಧೋಬಿ ತಲಾವ್ ಭಾಗದಲ್ಲಿ 1865ರಿಂದ ನಡೆದು ಬಂದಿರುವ ಫರ್ಟಾಡೋಸ್‌ನಂಥ ಅಂಗಡಿಯಲ್ಲಿ ಒಂದು ಜೊತೆ ತಂತಿ ಕೊಳ್ಳುವ ಖರ್ಚಿನಲ್ಲಿ ಸಿಗುವ ಬದಲಾವಣೆ, ಎಷ್ಟೋ ಸಲ ಹೊಸ ಪಿಕಪ್‌ನಿಂದಲೂ ಸಿಗುವುದಿಲ್ಲ. ಟೋನ್ ಗುಂಡಿಯ ಕೆಪಾಸಿಟರ್ ಅನ್ನು 0.047 ಮೈಕ್ರೊಫ್ಯಾರಡ್‌ನಿಂದ 0.1ಕ್ಕೆ ಏರಿಸಿದರೆ ಗುಂಡಿ ಮುಚ್ಚಿದಾಗ ನಾದ ಇನ್ನಷ್ಟು ಗಾಢವಾಗುತ್ತದೆ. ಅದೇ ಅಳತೆಯ ದುಬಾರಿ ಕೆಪಾಸಿಟರ್‌ನಿಂದ ಆಗುವ ಲಾಭವನ್ನು ಕಿವಿಯಿಂದ ಗುರುತಿಸಲು ನನಗೆ ಸಾಧ್ಯವಾಗಿಲ್ಲ, ಅದಕ್ಕೆ ಹಣ ಹಾಕಿರೆಂದು ಹೇಳಲಾರೆ. ಪಿಕಪ್, ಬ್ರಿಡ್ಜ್, ಪ್ರೀಆಂಪ್ ಏನನ್ನೇ ಬದಲಿಸಿದರೂ ಸ್ಕ್ರೂ ಬಿಚ್ಚಿ ಹಿಂದಿನಂತೆ ಮಾಡುವಂತಿರಬೇಕು. ದೇಹದ ಮರವನ್ನು ಕೊರೆದು ದೊಡ್ಡ ಪಿಕಪ್‌ಗೆ ಜಾಗ ಮಾಡಿದ ದಿನವೇ ಆ ವಾದ್ಯವನ್ನು ಕೊಳ್ಳಬಯಸುವವರ ಸಂಖ್ಯೆ ಇಳಿದುಬಿಡುತ್ತದೆ, ಅಷ್ಟಾಗಿ ನಾದವೂ ಬಯಸಿದಂತೆ ಬಾರದಿದ್ದರೆ ಹಿಂತಿರುಗುವ ದಾರಿ ಇರುವುದಿಲ್ಲ.

ಆಂಪ್‌ನ ವಿಷಯದಲ್ಲಿ ಕೊಳ್ಳುವವರನ್ನು ದಾರಿ ತಪ್ಪಿಸುವುದು ವ್ಯಾಟ್. ಶಕ್ತಿಯನ್ನು 100 ವ್ಯಾಟ್‌ನಿಂದ 200ಕ್ಕೆ ಏರಿಸಿದರೆ ಸದ್ದು ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡರಷ್ಟು ಜೋರೆನಿಸಲು ಸುಮಾರು ಹತ್ತರಷ್ಟು ಶಕ್ತಿ ಬೇಕು. ಒಂದು ವ್ಯಾಟ್‌ಗೆ 97 ಡೆಸಿಬೆಲ್ ಕೊಡುವ ಸ್ಪೀಕರ್‌ನ ಬದಲು 100 ಕೊಡುವ ಸ್ಪೀಕರ್ ಬಳಸಿದರೆ, ಆಂಪ್ ಬದಲಿಸದೆಯೇ ಶಕ್ತಿ ಇಮ್ಮಡಿಸಿದ ಫಲ. ಸಾಮಾನ್ಯ ಗಿಟಾರ್‌ನ ಆಂಪ್‌ನಲ್ಲಿ ಬೇಸ್ ನುಡಿಸಬಹುದೇ ಎಂದು ಕೇಳುವವರಿಗೂ ಇಲ್ಲೇ ಉತ್ತರವಿದೆ. ಒಂದು ಸಪ್ತಕ ಕೆಳಗಿನ ಸ್ವರವನ್ನು ಅಷ್ಟೇ ಜೋರಾಗಿ ನುಡಿಸಲು ಸ್ಪೀಕರ್‌ನ ಕಾಗದ ನಾಲ್ಕು ಪಟ್ಟು ದೂರ ಚಲಿಸಬೇಕಾಗುತ್ತದೆ, ಗಿಟಾರ್‌ನ ಸ್ಪೀಕರ್ ಅದಕ್ಕೆಂದು ಮಾಡಿದ್ದಲ್ಲ. ಮೆಲ್ಲಗೆ ಅಭ್ಯಾಸಕ್ಕೆ ಅಡ್ಡಿಯಿಲ್ಲ, ಜೋರು ಮಾಡಿದರೆ ಕಾಗದ ಹರಿಯುತ್ತದೆ. ಹಳೆಯ ಸ್ಪೀಕರ್ ಕೊಳ್ಳುವಾಗ ಎರಡೂ ಕೈಗಳ ಬೆರಳುಗಳಿಂದ ಕಾಗದವನ್ನು ಸಮನಾಗಿ, ಹಗುರವಾಗಿ ಒಳಕ್ಕೆ ಒತ್ತಬೇಕು. ಉಜ್ಜಿದ ಸದ್ದು ಕೇಳಿದರೆ ಸುರುಳಿ ಓರೆಯಾಗಿದೆ. 8 ಓಮ್ ಸ್ಪೀಕರ್ ಮೀಟರಿನಲ್ಲಿ 6ರ ಆಸುಪಾಸು ತೋರುವುದು ಸಹಜ. 8 ಓಮ್‌ನ ಎರಡು ಪೆಟ್ಟಿಗೆಗಳನ್ನು ಸಮಾನಾಂತರವಾಗಿ ಜೋಡಿಸಿದರೆ ಆಂಪ್‌ಗೆ ಕಾಣುವುದು 4 ಓಮ್. ಆಂಪ್‌ನ ಬೆನ್ನ ಮೇಲೆ ಬರೆದ ಕನಿಷ್ಠ ಓಮ್‌ಗಿಂತ ಕೆಳಗಿಳಿದರೆ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಸುಡುವ ಅಪಾಯವಿದೆ.

ಕರಾವಳಿಯ ಕನ್ನಡಿಗರ ಮನೆಗಳಲ್ಲಿ ಪರದೇಶದಿಂದ ನೆಂಟರು ತಂದ ಆಂಪ್‌ಗಳು ಹಲವಿವೆ. ದುಬೈ ಅಥವಾ ಮಸ್ಕತ್‌ನಿಂದ ಬಂದದ್ದು 220ರಿಂದ 240 ವೋಲ್ಟ್‌ನದು, ಪ್ಲಗ್ ಬದಲಿಸಿದರೆ ಇಲ್ಲಿಯೂ ನಡೆಯುತ್ತದೆ. ಅಮೆರಿಕದಿಂದ ಬಂದದ್ದು 120 ವೋಲ್ಟ್‌ನದು. ಪ್ಲಗ್ಗಿಗೆ ಅಡಾಪ್ಟರ್ ಹಾಕಿದರೆ ಪಿನ್ನಿನ ಆಕಾರ ಬದಲಾಗುತ್ತದೆಯೇ ಹೊರತು ವೋಲ್ಟೇಜ್ ಬದಲಾಗುವುದಿಲ್ಲ, ಸ್ವಿಚ್ ಹಾಕಿದ ಕ್ಷಣದಲ್ಲೇ ಫ್ಯೂಸ್ ಹಾರುತ್ತದೆ ಅಥವಾ ಒಳಗೆ ಹೊಗೆಯೇಳುತ್ತದೆ. ಹಿಂಬದಿಯಲ್ಲಿ 100ರಿಂದ 240 ಎಂದು ಬರೆದಿದ್ದರೆ ಚಿಂತೆಯಿಲ್ಲ. ಕೆಲವು ಆಂಪ್‌ಗಳಲ್ಲಿ ವೋಲ್ಟೇಜ್ ಬದಲಿಸುವ ಸ್ವಿಚ್ ಅಥವಾ ಟ್ರಾನ್ಸ್‌ಫಾರ್ಮರ್‌ನಲ್ಲಿ ಬೇರೆ ಟ್ಯಾಪ್ ಇರುತ್ತದೆ. ಅದನ್ನು 230ಕ್ಕೆ ಬದಲಿಸುವಾಗ ಫ್ಯೂಸ್‌ನ ಆಂಪಿಯರ್ ಅಳತೆಯನ್ನೂ ಸುಮಾರು ಅರ್ಧಕ್ಕೆ ಇಳಿಸಬೇಕು. ಇವೆರಡೂ ಇಲ್ಲದಿದ್ದರೆ ಸಾಕಷ್ಟು ಸಾಮರ್ಥ್ಯದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಅದರ ಬೆಲೆಯನ್ನೂ ತೂಕವನ್ನೂ ಕೊಳ್ಳುವ ಲೆಕ್ಕದಲ್ಲಿ ಸೇರಿಸಬೇಕು.

ಟ್ರಾನ್ಸಿಸ್ಟರ್ ಬದಲು ಗಾಜಿನ ನಿರ್ವಾತ ಕೊಳವೆಗಳಿರುವ ವಾಲ್ವ್ ಆಂಪ್‌ಗಳ ನಾದಕ್ಕೆ ಮರುಳಾಗದವರು ವಿರಳ. 1969ರಲ್ಲಿ ಬಂದ ಆಂಪೆಗ್ ಎಸ್‌ವಿಟಿಯ 300 ವ್ಯಾಟ್‌ನ ವಾಲ್ವ್ ಆಂಪ್, ಹತ್ತು ಇಂಚಿನ ಎಂಟು ಸ್ಪೀಕರ್‌ಗಳ ಪೆಟ್ಟಿಗೆಯ ಜೊತೆಗೂಡಿ ದೊಡ್ಡ ವೇದಿಕೆಯ ಬೇಸ್ ನಾದ ಹೇಗಿರಬೇಕೆಂಬುದನ್ನೇ ರೂಪಿಸಿತು. ಆದರೆ ಅಂಥ ಆಂಪ್‌ನೊಳಗೆ 700 ವೋಲ್ಟ್‌ವರೆಗಿನ ವಿದ್ಯುತ್ತು ಓಡಾಡುತ್ತದೆ, ಪ್ಲಗ್ ತೆಗೆದ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ಪ್ರಾಣ ತೆಗೆಯುವಷ್ಟು ಉಳಿದಿರಬಹುದು. ಅನುಭವಿಗಳ ಪಕ್ಕದಲ್ಲಿ ಕುಳಿತು ಕಲಿಯದೆ ಇದನ್ನು ಬಿಚ್ಚಬಾರದು ಎಂಬುದು ನನ್ನ ಖಚಿತ ಸಲಹೆ. ಸ್ಪೀಕರ್ ಜೋಡಿಸದೆ ವಾಲ್ವ್ ಆಂಪ್ ಅನ್ನು ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡಬಹುದು ಎಂಬುದನ್ನೂ ನೆನಪಿಡಬೇಕು. ಬಹುಕಾಲ ಮುಟ್ಟದ ಯಾವುದೇ ಟ್ರಾನ್ಸ್‌ಫಾರ್ಮರ್ ಆಂಪ್‌ಗೆ ಮೊದಲ ಬಾರಿ ವಿದ್ಯುತ್ ಕೊಡುವಾಗ, ನಮ್ಮ ರೇಡಿಯೊ ಮೆಕ್ಯಾನಿಕ್‌ಗಳು ತಲೆಮಾರುಗಳಿಂದ ಬಳಸಿದ ಸೀರೀಸ್ ಬಲ್ಬ್‌ಗಿಂತ ಒಳ್ಳೆಯ ಸಾಧನವಿಲ್ಲ. 100 ವ್ಯಾಟ್‌ನ ಹಳೆಯ ಬಗೆಯ ತಂತುವಿನ ಬಲ್ಬನ್ನು ಆಂಪ್‌ನ ಜೊತೆ ಸರಣಿಯಲ್ಲಿ ಜೋಡಿಸಿದರೆ, ಆಂಪ್ ಕ್ಷೇಮವಾಗಿದ್ದಾಗ ಬಲ್ಬ್ ಒಮ್ಮೆ ಬೆಳಗಿ ಮಂಕಾಗುತ್ತದೆ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಬೆಳಗುತ್ತಲೇ ಇದ್ದು, ವೋಲ್ಟೇಜನ್ನೆಲ್ಲ ತಾನೇ ತೆಗೆದುಕೊಂಡು ಆಂಪ್ ಅನ್ನು ಉಳಿಸುತ್ತದೆ. ಎಲ್‌ಇಡಿ ಬಲ್ಬ್‌ನಿಂದ ಇದು ಆಗದು. ಇಂದಿನ ಹಗುರವಾದ ಕ್ಲಾಸ್ ಡಿ ಆಂಪ್‌ಗಳ ವಿದ್ಯುತ್ ಪೂರೈಕೆ ಬೇರೆ ಬಗೆಯದಾದ್ದರಿಂದ ಅವುಗಳಲ್ಲಿ ಈ ಪರೀಕ್ಷೆ ಸರಿಯಾದ ಉತ್ತರ ಕೊಡುವುದಿಲ್ಲ. 500 ವ್ಯಾಟ್ ಕೊಡುವ ಅಂಥ ಆಂಪ್ ಎರಡು ಮೂರು ಕಿಲೊ ತೂಗುತ್ತದೆ, ಲೋಕಲ್ ರೈಲಿನಲ್ಲಿ ಒಯ್ಯಲು ಅದಕ್ಕೆ ಸಾಟಿಯಿಲ್ಲ. ಆದರೆ ಕೆಟ್ಟರೆ ಬಿಡಿಭಾಗವನ್ನಲ್ಲ, ಇಡೀ ಬೋರ್ಡನ್ನೇ ಬದಲಿಸಬೇಕಾಗಿ ಬರುವುದು ಹೆಚ್ಚು. ಹಳೆಯದನ್ನು ರಿಪೇರಿಗೆಂದೇ ಕೊಳ್ಳುವವರಿಗೆ ಭಾರದ ಟ್ರಾನ್ಸ್‌ಫಾರ್ಮರ್ ಇರುವ ಟ್ರಾನ್ಸಿಸ್ಟರ್ ಆಂಪ್ ಹೆಚ್ಚು ಸೂಕ್ತ. ಅದರಲ್ಲಿ ಒಣಗಿದ ಕೆಪಾಸಿಟರ್‌ಗಳನ್ನು, ಮಂಕಾದ ಬೆಸುಗೆಗಳನ್ನು ಕಣ್ಣಿನಿಂದಲೇ ಹುಡುಕಬಹುದು.

ಕೊಳ್ಳುವ ಮಾರುವ ವ್ಯವಹಾರಕ್ಕೆ ಮುಂಬೈಯಲ್ಲಿ ಆಳವಾದ ಬೇರುಗಳಿವೆ. ಆರ್.ಡಿ. ಬರ್ಮನ್ ಅವರ ವಾದ್ಯವೃಂದದಲ್ಲಿ ಬೇಸ್ ನುಡಿಸಿದ ಟೋನಿ ವಾಜ್ ಅವರಂಥ ಕಲಾವಿದರ ಕಾಲದಲ್ಲಿ ವಿದೇಶಿ ವಾದ್ಯ ತರಿಸುವುದೇ ಕಷ್ಟವಾಗಿತ್ತು. 1991ಕ್ಕೆ ಮೊದಲಿನ ಆಮದು ಸುಂಕದ ದಿನಗಳಲ್ಲಿ ಕೋಲ್ಕತ್ತದ ಗಿವ್ಸನ್‌ನಂಥ ದೇಶೀ ತಯಾರಕರೂ, ಕೈಯಿಂದ ಕೈಗೆ ಹೋಗುತ್ತಿದ್ದ ಹಳೆಯ ವಾದ್ಯಗಳೂ ಬಹುಜನರಿಗೆ ಆಸರೆಯಾಗಿದ್ದವು. ಆ ಕಾಲದ ವಾದ್ಯಗಳಲ್ಲಿ ಸಿಕ್ಕ ಭಾಗ ಹಾಕಿ ಸರಿಮಾಡಿದವೇ ಹೆಚ್ಚು, ಹಾಗಾಗಿ ತಲೆಯ ಮೇಲಿನ ಹೆಸರನ್ನು ನಂಬಿ ಬೆಲೆ ಕಟ್ಟಬಾರದು. ಅಮೆರಿಕದ ಪೊಟೆನ್ಷಿಯೊಮೀಟರ್‌ಗಳ ಬೆನ್ನ ಮೇಲೆ ಅಂಕಿಗಳಿರುತ್ತವೆ: 1377633 ಎಂದಿದ್ದರೆ 137 ಎಂಬುದು ಸಿಟಿಎಸ್ ಕಂಪನಿಯ ಗುರುತು, 76 ಎಂಬುದು 1976, 33 ಎಂಬುದು ಆ ವರ್ಷದ ವಾರ. ವಾದ್ಯ ಅದಕ್ಕೂ ಹಿಂದಿನದೆಂದು ಯಾರಾದರೂ ಹೇಳಿದರೆ, ಗುಂಡಿ ಬದಲಾಗಿದೆ ಅಥವಾ ಹೇಳಿದ ವರ್ಷ ತಪ್ಪು. ಬೆಸುಗೆಗಳು ಹಳೆಯ ಮಂಕು ಬಣ್ಣದಲ್ಲಿ ಅಖಂಡವಾಗಿವೆಯೇ, ನೆಕ್ ಮತ್ತು ದೇಹದ ಸ್ಕ್ರೂ ತೂತುಗಳು ಒಂದಕ್ಕೊಂದು ಕೂರುತ್ತವೆಯೇ ಎಂದು ನೋಡಿದರೆ ಉಳಿದದ್ದು ತಿಳಿಯುತ್ತದೆ. ಪರದೇಶಕ್ಕೆ ಮಾರುವವರು ಬೀಟೆಯ ವಿಷಯವನ್ನೂ ಅರಿತಿರಬೇಕು. ಅಂತಾರಾಷ್ಟ್ರೀಯ ಸೈಟಿಸ್ ಒಪ್ಪಂದವು ಈ ಕುಲದ ಮರಗಳ ವ್ಯಾಪಾರಕ್ಕೆ 2017ರಲ್ಲಿ ಪರವಾನಗಿಯ ನಿಯಮ ಹೇರಿ, ಪೂರ್ಣವಾಗಿ ತಯಾರಾದ ಸಂಗೀತ ವಾದ್ಯಗಳಿಗೂ ಅವುಗಳ ಸಿದ್ಧ ಬಿಡಿಭಾಗಗಳಿಗೂ 2019ರಲ್ಲಿ ವಿನಾಯಿತಿ ನೀಡಿತು. ಕೆಲಸ ಪೂರ್ತಿಯಾಗದ ಬಿಡಿ ಫ್ರೆಟ್‌ಬೋರ್ಡಿಗೆ ಈ ವಿನಾಯಿತಿ ಸಿಗುತ್ತದೆಂದು ಭಾವಿಸಬಾರದು.

ಮಾರುವವರು ತಾವು ಬದಲಿಸಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ತೆಗೆದ ಹಳೆಯ ಭಾಗಗಳನ್ನು ಚೀಲದಲ್ಲಿ ಹಾಕಿ, ಟ್ರಸ್ ರಾಡ್‌ನ ಸರಿಯಾದ ಕೀಲಿಯ ಜೊತೆ ಕೊಡಬೇಕು. ಯಾವ ತಿಂಗಳಲ್ಲಿ, ಯಾವ ಊರಿನಲ್ಲಿ ನೆಕ್ ಹೊಂದಿಸಲಾಯಿತೆಂಬುದನ್ನೂ ಬರೆದರೆ ಪುಣೆಗೆ ಒಯ್ಯುವವರು ಮುಂದಿನ ಬದಲಾವಣೆಗೆ ಗಾಬರಿಯಾಗುವುದಿಲ್ಲ. ಮಡಗಾಂವ್‌ಗೋ ಪುಣೆಗೋ ಪಾರ್ಸಲ್ ಕಳಿಸುವುದಾದರೆ 9 ವೋಲ್ಟ್ ಬ್ಯಾಟರಿ ತೆಗೆದು, ತಂತಿಗಳನ್ನು ಒಂದೆರಡು ಸ್ವರ ಇಳಿಸಿ, ತಂತಿಗಳಿಗೂ ಫ್ರೆಟ್‌ಗಳಿಗೂ ನಡುವೆ ಬಟ್ಟೆ ಇಟ್ಟು, ತಲೆಯ ಭಾಗದ ಕೆಳಗೆ ಟೊಳ್ಳು ಉಳಿಯದಂತೆ ತುಂಬಬೇಕು, ಏಕೆಂದರೆ ಪೆಟ್ಟಿಗೆ ಕೆಳಗೆ ಬಿದ್ದಾಗ ಮುರಿಯುವುದು ಆಸರೆಯಿಲ್ಲದ ಆ ಭಾಗವೇ. ವಾಲ್ವ್ ಆಂಪ್ ಆದರೆ ವಾಲ್ವ್‌ಗಳನ್ನು ಕಳಚಿ, ಯಾವುದು ಯಾವ ಸಾಕೆಟ್‌ನದೆಂದು ಪ್ರತಿಯೊಂದಕ್ಕೂ ಚೀಟಿ ಅಂಟಿಸಿ, ಬೇರೆ ಡಬ್ಬದಲ್ಲಿ ಕಳಿಸಬೇಕು.